ಹನ್ನೊಂದು ದಿನದ ಚಳಿ

ಲೇವಾರ್ಡನ್,
4 ಅಕ್ಟೋಬರ್ 1785

ಪ್ರೀತಿಯ ಅಪ್ಪನಿಗೆ,

ನಿಮ್ಮ ಹವೆಯ ಪುಸ್ತಕ ಅಚ್ಚಾಗುತ್ತದೆ ಅಪ್ಪಾ, ಇಪ್ಪತ್ತನಾಲ್ಕು ವರ್ಷದ್ದೂ, ಒಂದು ಸಾಲೂ ಬಿಡದೆ, ನಿಮ್ಮ ಹೆಸರಿನಲ್ಲೇ. ಕ್ಷೇಮ ಸಮಾಚಾರವೆಲ್ಲ ಆಮೇಲೆ ಬರೆಯುತ್ತೇನೆ, ಇದನ್ನು ಮೊದಲು ಹೇಳದಿದ್ದರೆ ನನ್ನ ಕೈ ಮುಂದಕ್ಕೆ ಓಡುವುದಿಲ್ಲ.

ನಿನ್ನೆ ಮಧ್ಯಾಹ್ನ ವೀಬ್ರೆನ್ ವಿದ್ವತ್ಸಭೆಯಿಂದ ಓಡುತ್ತಲೇ ಬಂದರು. ಟೋಪಿಯನ್ನು ಅಲ್ಲೇ ಬಿಟ್ಟಿದ್ದರು. ಬಾಗಿಲಲ್ಲೇ ನಿಂತು, "ಹಿಸ್ಕೆ, ಒಪ್ಕೊಂಡ್ರು. ನಿಮ್ಮಪ್ಪನ್ನ ಒಪ್ಕೊಂಡ್ರು" ಎಂದರು. ನಾನು ಕೈಯಲ್ಲಿದ್ದ ಮಜ್ಜಿಗೆ ಗಂಜಿಯ ಪಾತ್ರೆಯನ್ನು ಎಲ್ಲಿ ಇಟ್ಟೆನೋ ನೆನಪಿಲ್ಲ, ಸಂಜೆ ಮೆಟ್ಟಿಲ ಮೇಲೆ ಸಿಕ್ಕಿತು.

ಸಭೆಯಲ್ಲಿ ಒಬ್ಬ ಪಾದ್ರಿ ತಕರಾರು ತೆಗೆದರಂತೆ. "ತೂಬು ಕಾಯೋನು ಬರೆದದ್ದನ್ನ ನಾವು ಅಚ್ಚು ಹಾಕೋದಾ?" ಎಂದರಂತೆ. ಅದಕ್ಕೆ ಅಧ್ಯಕ್ಷರು, "ಯಾರು ಬರ್ಕೋತಿದಾರೆ ಅಂತ ಮಳೆ ಕೇಳ್ಕೊಂಡು ಬರಲ್ಲ ಸ್ವಾಮಿ. ನಮ್ಮ ಪ್ರೊಫೆಸರುಗಳ ಪಟ್ಟೀಲಿ ಬೇಸಿಗೆ ರಜದ ತೂತುಗಳಿವೆ. ಈ ಮನುಷ್ಯನದ್ರಲ್ಲಿ ಒಂದು ತೂತು ತೋರಿಸಿ ನೋಡೋಣ" ಎಂದು ಬಾಯಿ ಮುಚ್ಚಿಸಿದರಂತೆ. ಮುಖಪುಟದಲ್ಲಿ ಏನಿರುತ್ತದೆ ಗೊತ್ತೇ? "ಊಸ್ಟರ್‌ಹೂಕ್ ತೂಬಿನ ಕಾವಲುಗಾರ ಚಾಲಿಂಗ್ ಹೇರೆಸ್ ದಿನಕ್ಕೆ ಮೂರು ಸಲ ನೋಡಿ ಬರೆದದ್ದು." ನಾನು ಇದನ್ನು ಎಂಟು ಸಲ ಗಟ್ಟಿಯಾಗಿ ಓದಿದೆ.

ಎಲ್ಲ ಊರುಗಳ ಪಟ್ಟಿಗಳನ್ನೂ ಒಟ್ಟಿಗೆ ಇಟ್ಟು ನೋಡಿದರೆ ಗಾಳಿಗೂ ಚಳಿಗೂ ಒಂದು ನಿಯಮ ಕಾಣಲೇಬೇಕು ಎಂದು ವೀಬ್ರೆನ್ ಹೇಳುತ್ತಾರೆ. "ಅಷ್ಟು ದೂರದ ಗ್ರಹಗಳಿಗೇ ನಿಯಮ ಸಿಕ್ತು. ನಮ್ಮ ಮೂಗಿನ ಮುಂದಿನ ಗಾಳಿಗೆ ಯಾಕೆ ಸಿಗಬಾರ್ದು?" ಅವರು ಹೀಗೆ ಹೇಳುವಾಗ ಅವರ ಕಿವಿ ಕೆಂಪಾಗುತ್ತದೆ. ಮದುವೆಯಾಗಿ ಆರು ವಾರವಾಯಿತು, ಈ ಮನೆಗೆ ಮಂಚದ ಪರದೆ ಇನ್ನೂ ಬಂದಿಲ್ಲ, ಆದರೆ ಉತ್ತರದ ಕಿಟಕಿಗೆ ಒಳ್ಳೆಯ ಉಷ್ಣಮಾಪಕ ಬಂದಿದೆ. ಬೆಳಿಗ್ಗೆ ಎದ್ದವರು ಮೊದಲು ಅದನ್ನು ಮಾತನಾಡಿಸಿ ಆಮೇಲೆ ನನ್ನನ್ನು ಮಾತನಾಡಿಸುತ್ತಾರೆ. ನಿಮ್ಮ ಮನೆಯಲ್ಲಿ ಬೆಳೆದವಳಿಗೆ ಇದರಲ್ಲಿ ಬೇಜಾರೇನು.

ಅಚ್ಚಿನವರಿಗೆ ಶುದ್ಧಪ್ರತಿಯನ್ನು ನಾನೇ ಬರೆಯುತ್ತೇನೆ. ಫ್ರೆಂಚ್ ಶಾಲೆಯಲ್ಲಿ ನಾಲ್ಕು ವರ್ಷ ತಿದ್ದಿದ ಅಕ್ಷರ ಇನ್ನೆಲ್ಲಿ ಉಪಯೋಗಕ್ಕೆ ಬರಬೇಕು? ಈಚಿನ ಪುಸ್ತಕಗಳು ಇಲ್ಲಿವೆ. 1761ರಿಂದ 1776ರವರೆಗಿನವನ್ನು ದೋಣಿಯವನ ಕೈಯಲ್ಲಿ ಕಳಿಸಿ. ಔಕ್ಯೆ ಅತ್ತೆಗೆ ನನ್ನ ನಮಸ್ಕಾರ.

ನಿಮ್ಮ ಖುಷಿಯ ಮಗಳು,
ಹಿಸ್ಕೆ


ಊಸ್ಟರ್‌ಹೂಕ್,
13 ಅಕ್ಟೋಬರ್ 1785

ಮಗಳೇ,

ಪುಸ್ತಕಗಳನ್ನು ಎಣ್ಣೆಬಟ್ಟೆಯಲ್ಲಿ ಸುತ್ತಿ ಕಳಿಸಿದ್ದೇನೆ. ಬಿಚ್ಚುವಾಗ ದಾರ ಕತ್ತರಿಸಬೇಡ, ಗಂಟು ಬಿಚ್ಚು, ದಾರ ವಾಪಸು ಬೇಕು.

ನನ್ನ ನಿಯಮ ನಿನಗೆ ಗೊತ್ತಿದೆ. ನೋಡಿದ್ದನ್ನು ಬರೆಯಬೇಕು. ನೋಡದ ಹೊತ್ತಿಗೆ ಗೆರೆ ಎಳೆಯಬೇಕು. ಪ್ರತಿ ಮಾಡುವಾಗ ನೀನು ಗೆರೆಗಳನ್ನೂ ಹಾಗೆಯೇ ಎಳೆ. ಇರುವುದು ಮೂರೇ. 1763ರಲ್ಲಿ ಒಂದು, ನೀನು ಹುಟ್ಟಿದ ಬೆಳಿಗ್ಗೆ. ಇನ್ನೆರಡು 1775ರ ನವೆಂಬರಿನಲ್ಲಿ, ಸಮುದ್ರ ಒಡ್ಡು ದಾಟಿ ಬಂದಾಗ ನಾನು ಎರಡು ಹೊತ್ತು ತೂಬಿನ ಬಾಗಿಲಿಗೆ ಹಗ್ಗ ಕಟ್ಟಿಕೊಂಡು ನಿಂತಿದ್ದೆ.

ಈ ಮೂರು ಬಿಟ್ಟರೆ ಅಧ್ಯಕ್ಷರು ತೂತು ಇಲ್ಲ ಎಂದದ್ದು ನಿಜ. ಆದರೆ ಅದು ನನ್ನೊಬ್ಬನ ಕೆಲಸವಲ್ಲ. ನಿನ್ನ ತಾಯಿ ಬಾವ್ಕೆ ಕಾಯಿಲೆ ಬಿದ್ದು ಮಲಗಿದ್ದ ಆ ಜನವರಿಯಲ್ಲಿ ನಾನು ಹಾಸಿಗೆಯ ಪಕ್ಕ ಬಿಟ್ಟು ಏಳಲಿಲ್ಲ. ಹನ್ನೆರಡು ವರ್ಷದ ನೀನು ದಿನಕ್ಕೆ ಮೂರು ಸಲ ಅಂಗಳಕ್ಕೆ ಹೋಗಿ ನೋಡಿ, ಸ್ಲೇಟಿನ ಮೇಲೆ ಬರೆದು ತಂದು ಕೊಟ್ಟೆ. ಬಾವ್ಕೆ ಹೋದ ದಿನವೂ ಕೊಟ್ಟೆ. ನಾನು ಆಗ ನಿನಗೆ ಏನೂ ಹೇಳಿರಲಿಲ್ಲ. ಈಗ ಬರೆದಿದ್ದೇನೆ.

ಇಲ್ಲಿ ಗಾಳಿ ವಾಯವ್ಯ. ಬೆಳಿಗ್ಗೆ 48 ಡಿಗ್ರಿ ಫ್ಯಾರನ್‌ಹೀಟ್.

ನಿನ್ನ ತಂದೆ,
ಚಾಲಿಂಗ್ ಹೇರೆಸ್


ಲೇವಾರ್ಡನ್,
27 ನವೆಂಬರ್ 1785

ಪ್ರೀತಿಯ ಅಪ್ಪನಿಗೆ,

ತಡವಾಗಿ ಬರೆಯುತ್ತಿದ್ದೇನೆ, ಬಯ್ಯಬೇಡಿ. ದಾರ ಈ ಪತ್ರದ ಜೊತೆಯಲ್ಲಿದೆ, ಗಂಟನ್ನು ಹಲ್ಲಿನಿಂದ ಬಿಚ್ಚಿದೆ. ಪ್ರತಿ 1775ರವರೆಗೆ ಮುಗಿಯಿತು.

ಇಲ್ಲಿ ಎಲ್ಲ ಚೆನ್ನಾಗಿದೆ. ಮಂಚಕ್ಕೆ ಹಸಿರು ಪರದೆ ಬಂತು. ಔಕ್ಯೆ ಅತ್ತೆ ಕಳಿಸಿದ ಲವಂಗದ ಗಿಣ್ಣನ್ನು ವೀಬ್ರೆನ್ ಒಬ್ಬರೇ ಮುಗಿಸಿ, ಇಲಿ ತಿಂದಿತು ಎಂದು ನೇರವಾಗಿ ನನ್ನ ಮುಖ ನೋಡಿ ಹೇಳಿದರು.

ಅವರು ಒಂದು ವಿಷಯ ಕಂಡುಹಿಡಿದಿದ್ದಾರೆ. ನಾನು ಪ್ರತಿ ಮಾಡುವ ಮೊದಲೇ ಮುಂದಿನ ಪುಸ್ತಕ ಓದುತ್ತಿದ್ದರು. 1776ರ ಜನವರಿ 14ರಿಂದ 24ರವರೆಗೆ ನಿಮ್ಮ ಪಟ್ಟಿಯಲ್ಲಿ ಬೆಳಗಿನ ಚಳಿ ಹೇಗೆ ಇಳಿದಿದೆ ನೋಡಿ. 30, 28, 26. ದಿನಕ್ಕೆ ಎರಡೆರಡು ಡಿಗ್ರಿ, ತಪ್ಪದೆ, ಕೊನೆಯ ದಿನ 10. ಮಧ್ಯಾಹ್ನಕ್ಕೆ ನಾಲ್ಕು ಏರಿ, ಸಂಜೆಗೆ ಎರಡು ಇಳಿದು, ಮತ್ತೆ ಬೆಳಿಗ್ಗೆ ಅದೇ ಲೆಕ್ಕ. "ಹಿಸ್ಕೆ, ಇಲ್ಲಿ ನೋಡು, ಚಳಿ ಮೆಟ್ಲು ಇಳ್ಕೊಂಡು ಬರ್ತಿದೆ" ಎಂದು ನನ್ನ ಕೈ ಹಿಡಿದು ಮೇಜಿಗೆ ಎಳೆದುಕೊಂಡು ಹೋದರು. ಇನ್ನೆರಡು ಊರುಗಳ ಪಟ್ಟಿಯಲ್ಲಿ ಆ ದಿನಗಳು ಏರುಪೇರಾಗಿವೆ. ಅವರ ಮಾತಿನಲ್ಲಿ ಹೇಳುವುದಾದರೆ, "ಅವ್ರು ಸರಿಯಾಗಿ ನೋಡಿಲ್ಲ ಬಿಡು. ಊರೊಳಗಿನ ಗೋಡೆ, ಹೊಗೆಕೊಳವೆ. ನಿಮ್ಮಪ್ಪ ಬಯಲಲ್ಲಿ ನಿಂತು ನೋಡಿದಾರೆ, ಅದಕ್ಕೇ ನಿಯಮ ಅವರಿಗೆ ಸಿಕ್ಕಿದೆ."

ಜನವರಿ 26ರಂದು ಸಭೆಯಲ್ಲಿ ಇದರ ಮೇಲೆ ಪ್ರಬಂಧ ಓದುತ್ತಾರೆ. ಚೆನ್ನಾಗಿ ನಡೆದರೆ ಪ್ರಕೃತಿಶಾಸ್ತ್ರದ ಉಪನ್ಯಾಸಕರ ಜಾಗ ಇವರಿಗೇ ಎಂದು ಅಧ್ಯಕ್ಷರು ಮಾತು ಕೊಟ್ಟಂತೆಯೇ ಇದೆ.

ಅಪ್ಪಾ, ಒಂದು ಕೇಳಲೇ. ಆ ಹನ್ನೊಂದು ದಿನ ಅಮ್ಮನ ದಿನಗಳು. ಅವನ್ನು ಅಚ್ಚಿನಲ್ಲಿ ಬಿಟ್ಟುಬಿಟ್ಟರೆ ಏನಾಗುತ್ತದೆ? ಬೇಡ ಎಂದು ನೀವೇ ಒಂದು ಸಾಲು ಬರೆದರೆ ವೀಬ್ರೆನ್ ಕೇಳುತ್ತಾರೆ. ಮನೆಯ ದುಃಖ ಎಂದರೆ ಯಾರೂ ಹೆಚ್ಚು ಕೆದಕುವುದಿಲ್ಲ.

ನಿಮ್ಮ,
ಹಿಸ್ಕೆ


ಊಸ್ಟರ್‌ಹೂಕ್,
6 ಡಿಸೆಂಬರ್ 1785

ಮಗಳೇ,

ಬಿಡುವುದಿಲ್ಲ. ದುಃಖ ಮನೆಯದು, ಚಳಿ ಎಲ್ಲರದು. ಆ ಹನ್ನೊಂದು ದಿನ ಬಿಟ್ಟರೆ ಉಳಿದದ್ದನ್ನು ಯಾರು ಏಕೆ ನಂಬಬೇಕು?

ನಿನ್ನ ಗಂಡ ಹೇಳಿದ ಮೆಟ್ಟಿಲನ್ನು ನಾನು ಗಮನಿಸಿರಲಿಲ್ಲ. ಆ ತಿಂಗಳ ಹಾಳೆಯನ್ನು ಬರೆದ ಮೇಲೆ ಮತ್ತೆ ತೆಗೆದು ನೋಡಿದವನಲ್ಲ. ಅವನು ಕಂಡಿದ್ದು ನಿಜವಾದರೆ ಬಾವ್ಕೆಯ ಕೊನೆಯ ದಿನಗಳಿಂದ ಲೋಕಕ್ಕೆ ಒಂದು ಉಪಯೋಗವಾಯಿತು ಎಂದುಕೊಳ್ಳುತ್ತೇನೆ.

ಬೆಳಿಗ್ಗೆ 34. ಮಂಜು.

ಚಾಲಿಂಗ್ ಹೇರೆಸ್


ಲೇವಾರ್ಡನ್,
3 ಜನವರಿ 1786

ಅಪ್ಪಾ,

ನಿಮ್ಮ ಕೊನೆಯ ಪತ್ರವನ್ನು ಮೂರು ವಾರದಿಂದ ಲಂಗದ ಜೇಬಿನಲ್ಲಿ ಇಟ್ಟುಕೊಂಡು ಓಡಾಡುತ್ತಿದ್ದೇನೆ. ಇನ್ನು ಸಾಧ್ಯವಿಲ್ಲ.

ಆ ಅಂಕಿಗಳು ಸುಳ್ಳು. ಹನ್ನೊಂದು ದಿನದ ಮೂವತ್ತಮೂರು ಅಂಕಿಗಳೂ ನಾನು ನೋಡದೆ ಕಟ್ಟಿ ಬರೆದವು.

14ರ ಬೆಳಿಗ್ಗೆ ಉಷ್ಣಮಾಪಕದ ಗಾಜಿನ ಕೊಳವೆಯ ಮೇಲೆ ಹಿಮ ಕಟ್ಟಿತ್ತು. ಪಾದರಸ ಎಲ್ಲಿದೆ ಎಂದು ಕಾಣುತ್ತಿರಲಿಲ್ಲ. ಬಟ್ಟೆಯಿಂದ ಉಜ್ಜಬೇಡ, ಕೈಯ ಬಿಸಿ ತಾಗುತ್ತದೆ ಎಂದು ನೀವು ಕಲಿಸಿದ್ದಿರಿ. ಹಾಗಾಗಿ ಉಜ್ಜಲಿಲ್ಲ. ಅಮ್ಮನಿಗೆಂದು ಕಾಯಿಸಿದ್ದ ನೀರನ್ನು ಒಂದು ಲೋಟ ತಂದು ಮೇಲಿನಿಂದ ಸುರಿದೆ. ಟಿಕ್ ಎಂದು ಒಂದು ಸಣ್ಣ ಸದ್ದು ಬಂತು. ಪಾದರಸ ಹಿಮದ ಮೇಲೆ ಮಣಿಮಣಿಯಾಗಿ ಉರುಳಿಹೋಯಿತು.

ಒಳಗೆ ಬಂದೆ, ಹೇಳಬೇಕೆಂದೇ ಬಂದೆ. ನೀವು ತಲೆಯೆತ್ತದೆ "ಎಷ್ಟಿದೆ?" ಎಂದಿರಿ. ನಿಮ್ಮ ಒಂದು ಕೈ ಅಮ್ಮನ ಕೈಯ ಕೆಳಗಿತ್ತು. ನಾನು "ಮೂವತ್ತು" ಎಂದೆ. ನೀವು "ಸರಿ" ಎಂದಿರಿ. ಮರುದಿನವೂ ಹಾಗೇ ಕೇಳಿದಿರಿ. ಚಳಿ ಹೆಚ್ಚಾಗುತ್ತಿದೆ ಎಂದು ನನಗೆ ಗೊತ್ತಾಗುತ್ತಿತ್ತು, ಎಷ್ಟು ಹೆಚ್ಚು ಎಂದು ಗೊತ್ತಾಗುತ್ತಿರಲಿಲ್ಲ. ಅಂಗಳಕ್ಕೆ ಹೋಗಿ ಸ್ವಲ್ಪ ಹೊತ್ತು ನಿಂತು ವಾಪಸು ಬರುತ್ತಿದ್ದೆ. ಅಮ್ಮನ ಪಾದ ಮುಟ್ಟಿ ನೋಡುತ್ತಿದ್ದೆ. ದಿನದಿನಕ್ಕೂ ಇನ್ನಷ್ಟು ತಣ್ಣಗಾಗುತ್ತಿತ್ತು. ನಾನು ಎರಡು ಕಳೆದು ಬರೆಯುತ್ತಿದ್ದೆ. ಆ ಪಟ್ಟಿಯಲ್ಲಿ ಇರುವುದು ಹವೆಯಲ್ಲ ಅಪ್ಪಾ, ಅಮ್ಮ.

25ರಂದು, ಮನೆ ತುಂಬ ಜನ ಇದ್ದಾಗ, ಬೆನ್ನ ಮೇಲೆ ಗಾಜಿನ ಸಾಮಾನು ಹೊತ್ತು ಊರೂರು ತಿರುಗುವ ಇಟಲಿಯವನು ಹಿಂಬಾಗಿಲಿಗೆ ಬಂದ. ನನ್ನ ಟೊಪ್ಪಿಗೆಯ ಬೆಳ್ಳಿಯ ಪಿನ್ನು ಕೊಟ್ಟೆ. ಅವನು ಅದೇ ಹಳೆಯ ಹಲಗೆಗೆ ಹೊಸ ಕೊಳವೆ ಕಟ್ಟಿಕೊಟ್ಟ. ಪಿನ್ನು ಎಲ್ಲಿ ಎಂದು ಅತ್ತೆ ಕೇಳಿದಾಗ ಕಾಲುವೆಗೆ ಬಿತ್ತು ಎಂದೆ.

ಅಕ್ಟೋಬರಿನಲ್ಲಿ ನಿಮಗೆ ಕುಣಿದಾಡುತ್ತ ಬರೆದಾಗ ಇದು ನೆನಪಿರಲಿಲ್ಲವೇ ಎಂದು ಕೇಳುತ್ತೀರಿ. ಇತ್ತು. ಇಪ್ಪತ್ತನಾಲ್ಕು ವರ್ಷದಲ್ಲಿ ಹನ್ನೊಂದು ದಿನ ಯಾರ ಕಣ್ಣಿಗೆ ಬೀಳುತ್ತದೆ ಎಂದುಕೊಂಡಿದ್ದೆ. ಬಿದ್ದದ್ದು ಅವೇ, ಅದೂ ಇವರ ಕಣ್ಣಿಗೆ.

ವೀಬ್ರೆನ್‌ಗೆ ಇನ್ನೂ ಹೇಳಿಲ್ಲ. ಪ್ರಬಂಧದ ಕೊನೆಯ ಪುಟ ನಿನ್ನೆ ಮುಗಿಸಿದರು. ನಾನು ಹೇಳಿದರೆ ಅವರ ನಿಯಮ ಹೋಗುತ್ತದೆ, ಜಾಗ ಹೋಗುತ್ತದೆ, ನಿಮ್ಮ ಪುಸ್ತಕವೂ ಹೋಗಬಹುದು. ಹೇಳದಿದ್ದರೆ ನಾನು ಕಟ್ಟಿದ ಮೆಟ್ಟಿಲನ್ನು ಮಕ್ಕಳು ಶಾಲೆಯಲ್ಲಿ ಕಲಿಯುತ್ತಾರೆ. ಏನು ಮಾಡಲಿ ಹೇಳಿ. 26ಕ್ಕೆ ಮೊದಲು ಹೇಳಿ.

ಹಿಸ್ಕೆ


ಊಸ್ಟರ್‌ಹೂಕ್,
19 ಜನವರಿ 1786

ಹಿಸ್ಕೆಗೆ ಔಕ್ಯೆ ಅತ್ತೆ ಬರೆಯುವುದು,

ಕಾಲುವೆ ಹೆಪ್ಪುಗಟ್ಟಿ ದೋಣಿ ನಿಂತಿದೆ. ಮಂಜುಗಡ್ಡೆಯ ಮೇಲೆ ಜಾರಿಕೊಂಡು ಹೋಗುವ ಅಂಚೆಯವನ ಕೈಯಲ್ಲಿ ಇದನ್ನು ಕೊಡುತ್ತೇನೆ.

ನೀನು ನಿನ್ನಪ್ಪನಿಗೆ ಏನು ಬರೆದೆ? ನನಗೆ ತೋರಿಸಲಿಲ್ಲ. ಪತ್ರ ಓದಿ ಅಂಗಳಕ್ಕೆ ಹೋದ, ಉಷ್ಣಮಾಪಕದ ಮುಂದೆ ನಿಂತ, ಒಳಗೆ ಬಂದು ಪುಸ್ತಕ ಮುಚ್ಚಿಟ್ಟ. ಒಂಬತ್ತು ದಿನವಾಯಿತು, ಒಂದು ಸಲವೂ ಹೋಗಿ ನೋಡಿಲ್ಲ. ಬೆಳಿಗ್ಗೆ ಏಳು ಗಂಟೆಗೆ ಕಾಲು ತಾನಾಗಿ ಏಳುತ್ತದೆ, ಬಾಗಿಲವರೆಗೆ ಹೋಗಿ ವಾಪಸು ಬರುತ್ತಾನೆ. "ಏನೋ ಚಾಲಿಂಗ್, ಹುಷಾರಿಲ್ವಾ?" ಎಂದರೆ, "ನಂಗೇನೂ ಆಗಿಲ್ಲ, ನಿನ್ನ ಕೆಲ್ಸ ನೋಡು" ಎನ್ನುತ್ತಾನೆ. ನಿನ್ನೆ ನಾನೇ ಹೋಗಿ ನೋಡಿ, "ಹದಿನೆಂಟಿದೆ, ಬರ್ಕೋ" ಎಂದೆ. "ನೀನು ನೋಡಿದ್ದು ನಾನು ಹ್ಯಾಗೆ ಬರೀಲಿ?" ಎಂದು ನನ್ನ ಮೇಲೇ ಹಾರಿಬಿದ್ದ. ಇಷ್ಟು ವರ್ಷ ಗಂಜಿ ಬೇಯಿಸಿ ಹಾಕಿದ್ದಕ್ಕೆ ಇದು ನನಗೆ ಸಿಕ್ಕ ಮರ್ಯಾದೆ.

ನೀನು ಬಸುರಿಯಾಗಿದ್ದೀಯೋ, ಗಂಡ ಹೊಡೆದನೋ, ಏನೆಂದು ನನಗಾದರೂ ಬರೆ.

ಔಕ್ಯೆ


ಲೇವಾರ್ಡನ್,
30 ಜನವರಿ 1786

ಅಪ್ಪಾ,

ನಿಮ್ಮ ಪತ್ರ ಬರಲಿಲ್ಲ, ಅತ್ತೆಯದು ಬಂತು. ಅದನ್ನು ಓದಿದ ಮೇಲೆ ನಿಮ್ಮನ್ನು ಕೇಳಿದ್ದೇ ನನ್ನ ತಪ್ಪು ಎಂದು ತಿಳಿಯಿತು. ಆ ದಿನವೂ ನನ್ನ ಮಾತನ್ನು ನಾನೇ ಹೇಳಬೇಕಿತ್ತು, ಈಗಲೂ ಅಷ್ಟೇ.

22ರ ಭಾನುವಾರ ಇಗರ್ಜಿಯಿಂದ ಬಂದ ಮೇಲೆ ವೀಬ್ರೆನ್‌ಗೆ ಹೇಳಿದೆ. ಅವರು ಪ್ರಬಂಧದ ಹಾಳೆಗಳನ್ನು ಒಂದೊಂದಾಗಿ ತಿರುಗಿಸುತ್ತ ಕೇಳಿಸಿಕೊಂಡರು. ಕೊನೆಯ ಹಾಳೆ ಮುಗಿದ ಮೇಲೆ, "ಹನ್ನೆರಡು ವರ್ಷದ ಹುಡುಗಿ ಮಾಡಿದ ಮೆಟ್ಲನ್ನ ನಾನು ದೇವರು ಮಾಡಿದ್ದು ಅಂದ್ಕೊಂಡೆ" ಎಂದರು.

"ನಾನು ಮೊದ್ಲೇ ಹೇಳ್ಬೇಕಿತ್ತು" ಎಂದೆ.

"ಹೌದು, ಹೇಳ್ಬೇಕಿತ್ತು. ಆದ್ರೆ ಆ ಎರಡು ಊರಿನೋರು ನಿಜ ಬರೆದಿದ್ರಲ್ಲ, ಅದು ಒರಟಾಗಿದೆ ಅಂತ ಪಕ್ಕಕ್ಕೆ ಇಟ್ಟೋನು ನಾನು. ಅದನ್ನ ನೀನು ಮಾಡಿಸ್ಲಿಲ್ಲ."

ಆಮೇಲೆ ನಾಲ್ಕು ದಿನ ರೈ ರೊಟ್ಟಿಯನ್ನು ನಿಂತುಕೊಂಡೇ ತಿಂದರು. ಹಸಿರು ಪರದೆಯ ಒಳಗೆ ನಾವಿಬ್ಬರೂ ಗೋಡೆಯ ಕಡೆಗೊಬ್ಬರು, ಕಿಟಕಿಯ ಕಡೆಗೊಬ್ಬರು ತಿರುಗಿ ಮಲಗಿದೆವು. 26ರಂದು ಸಭೆಗೆ ಹೋಗಿ, ಪ್ರಬಂಧ ಓದುವ ಬದಲು ಎದ್ದು ನಿಂತು ನಡೆದದ್ದನ್ನು ಹೇಳಿದರು. ಆ ಪಾದ್ರಿ, "ನಿಮ್ಮ ಮನೆಯವ್ರು ಪ್ರಕೃತಿಗಿಂತ ಚೆನ್ನಾಗಿ ಬರೀತಾರೆ" ಎಂದರಂತೆ. ಎಲ್ಲರೂ ನಕ್ಕರಂತೆ. ಉಪನ್ಯಾಸಕರ ಜಾಗ ಬೇರೊಬ್ಬರಿಗೆ ಹೋಯಿತು.

ಆ ಸಂಜೆ ಮನೆಗೆ ಬಂದವರು ಕಾಲು ಕಾಯಿಸುವ ಕೆಂಡದ ಪೆಟ್ಟಿಗೆಯನ್ನು ನನ್ನ ಕಾಲಿನ ಕೆಳಗೆ ಸರಿಸಿದರು. ನಾಲ್ಕು ದಿನದ ಮೇಲೆ ನನ್ನೊಡನೆ ಆಡಿದ ಮೊದಲ ಮಾತು ಇದು: "ಹಿಸ್ಕೆ, ಆ ಹೊಸ ಕೊಳವೆ ಹಳೇದು ತೋರಿಸಿದಷ್ಟೇ ತೋರಿಸ್ತಿತ್ತಾ?"

ನನಗೆ ಅದು ಹೊಳೆದೇ ಇರಲಿಲ್ಲ. ಹಳೆಯ ಹಲಗೆ, ಹಳೆಯ ಅಂಕಿಗಳು, ಅದರ ಮೇಲೆ ಬೇರೆ ಗಾಜು. ಅದನ್ನು ಯಾರೂ ಪರೀಕ್ಷಿಸಲಿಲ್ಲ. ಹನ್ನೊಂದು ದಿನ ಮಾತ್ರವಲ್ಲ, 1776ರಿಂದ ಈಚೆಗೆ ನೀವು ಹಿಮದಲ್ಲೂ ಬಿರುಗಾಳಿಯಲ್ಲೂ ಹೋಗಿ ನೋಡಿದ ಹತ್ತು ವರ್ಷವೂ ಅನುಮಾನದಲ್ಲಿದೆ.

ಅಧ್ಯಕ್ಷರು ಈಸ್ಟರ್‌ವರೆಗೆ ಸಮಯ ಕೊಟ್ಟಿದ್ದಾರೆ. ಕರಗುತ್ತಿರುವ ಮಂಜುಗಡ್ಡೆಯಲ್ಲಿ ಇಟ್ಟರೆ ಸರಿಯಾದ ಕೊಳವೆ 32 ತೋರಿಸಲೇಬೇಕು. ನಿಮ್ಮದನ್ನೂ ಇಲ್ಲಿನದನ್ನೂ ಒಂದೇ ಬಾನಿಯಲ್ಲಿ ಇಟ್ಟು ನೋಡಬೇಕು, ಆಮೇಲೆ ಹಲವು ದಿನ ಅಕ್ಕಪಕ್ಕ ತೂಗುಹಾಕಿ ನೋಡಬೇಕು. ವ್ಯತ್ಯಾಸ ಎಲ್ಲ ಕಡೆಯೂ ಒಂದೇ ಆಗಿದ್ದರೆ ಹತ್ತು ವರ್ಷವನ್ನೂ ತಿದ್ದಬಹುದು. ಅಡ್ಡಾದಿಡ್ಡಿಯಾಗಿದ್ದರೆ ಆ ಹತ್ತು ವರ್ಷ ಅಚ್ಚಾಗುವುದಿಲ್ಲ.

ನೀವು ಒಪ್ಪದೆ ನಾನು ಉಷ್ಣಮಾಪಕ ತೂಗುವ ಆ ಗೋಡೆಯ ಹತ್ತಿರ ಬರುವುದಿಲ್ಲ. ನನ್ನ ಮುಖ ನೋಡಲು ನಿಮಗೆ ಮನಸ್ಸಿಲ್ಲದಿದ್ದರೆ ವೀಬ್ರೆನ್ ಒಬ್ಬರೇ ಬರುತ್ತಾರೆ.

ಹಿಸ್ಕೆ


ಊಸ್ಟರ್‌ಹೂಕ್,
17 ಫೆಬ್ರವರಿ 1786

ಹಿಸ್ಕೆ,

ನಿನ್ನ ಎರಡು ಪತ್ರಕ್ಕೂ ಸೇರಿಸಿ ಬರೆಯುತ್ತಿದ್ದೇನೆ.

ಹಾಸಿಗೆಯಿಂದ ಉಷ್ಣಮಾಪಕಕ್ಕೆ ಎಷ್ಟು ದೂರ ಎಂದು ಮೊನ್ನೆ ನಡೆದು ನೋಡಿದೆ. ಹದಿನಾಲ್ಕು ಹೆಜ್ಜೆ. ಹನ್ನೊಂದು ದಿನದಲ್ಲಿ ನಾನು ಒಂದು ಸಲವೂ ಆ ಹದಿನಾಲ್ಕು ಹೆಜ್ಜೆ ಹೋಗಲಿಲ್ಲ. ನೋಡದೆ ಬರೆಯಬಾರದು ಎನ್ನುವವನು ನೋಡದೆ ಮೂವತ್ತಮೂರು ಅಂಕಿ ಮಸಿಯಲ್ಲಿ ಬರೆದೆ. ನೀನು ಸ್ಲೇಟಿನಲ್ಲಿ ಬರೆದೆ. ಪುಸ್ತಕದಲ್ಲಿ ಬರೆದದ್ದು ನನ್ನ ಕೈ.

ಆ ಫೆಬ್ರವರಿಯಲ್ಲಿ ಮತ್ತೆ ಅಂಗಳಕ್ಕೆ ಹೋದಾಗ ಕೊಳವೆಯ ಬುಡ ಸ್ವಲ್ಪ ದಪ್ಪಗಿದೆ ಅನ್ನಿಸಿತ್ತು. ಆ ವರ್ಷ ನನಗೆ ಎಲ್ಲವೂ ಬೇರೆಯಾಗಿ ಕಾಣುತ್ತಿತ್ತು. ಬಟ್ಟಲು, ಬಾಗಿಲು, ನಿನ್ನ ಮುಖ ಕೂಡ. ಇದೂ ಹಾಗೆಯೇ ಇರಬೇಕು ಎಂದುಕೊಂಡೆ. ಅದನ್ನೂ ಪರೀಕ್ಷಿಸಲಿಲ್ಲ.

ನನಗೆ ಕೋಪ ಬಂದಿತ್ತು, ಇಲ್ಲ ಎನ್ನುವುದಿಲ್ಲ. ಜನವರಿಯಲ್ಲಿ ಒಂಬತ್ತು ದಿನದ ಗೆರೆಗಳಿವೆ. ಪಕ್ಕದಲ್ಲಿ ಕಾರಣ ಬರೆದಿಲ್ಲ, ನಿನಗೆ ಗೊತ್ತು. ಕೋಪ ನಿನ್ನ ಮೇಲೆ ಎಷ್ಟು, ನನ್ನ ಮೇಲೆ ಎಷ್ಟು ಎಂದು ಬೇರ್ಪಡಿಸಲು ಅಷ್ಟು ದಿನ ಬೇಕಾಯಿತು. ಹನ್ನೆರಡು ವರ್ಷದ ಮಗು ಒಡೆದ ಗಾಜನ್ನು ತಾನೊಬ್ಬಳೇ ಹೊತ್ತುಕೊಂಡು ತಾಯಿಯ ಮಣ್ಣಿಗೆ ಬಂದಿತ್ತು. ನಾನು "ಎಷ್ಟಿದೆ" ಎಂದಷ್ಟೇ ಕೇಳಿದೆ.

ಅಚ್ಚಿನಲ್ಲಿ ಆ ಹನ್ನೊಂದು ದಿನಕ್ಕೆ ಗೆರೆ ಹಾಕಿಸು. ಕೆಳಗೆ ಹೀಗೆ ಬರೆಯಲಿ: "ಕೊಳವೆ ಒಡೆದಿತ್ತು. ಕಾವಲುಗಾರ ಹೋಗಿ ನೋಡಲಿಲ್ಲ." ಅಷ್ಟು ಸಾಕು.

ಇಪ್ಪತ್ತನಾಲ್ಕರಲ್ಲಿ ಹತ್ತು ಹೋದರೆ ಹದಿನಾಲ್ಕು ಉಳಿಯುತ್ತದೆ. ಉಳಿದದ್ದು ನಿಜವಾಗಿದ್ದರೆ ಸಾಕು.

ಪರೀಕ್ಷೆ ಮಾಡಿ. ಮಂಜುಗಡ್ಡೆ ಕೊಯ್ದು ಒಡ್ಡಿನ ಉತ್ತರದ ಗುಂಡಿಯಲ್ಲಿ ಹುಲ್ಲು ಮುಚ್ಚಿ ಇಟ್ಟಿದ್ದೇನೆ, ಮಾರ್ಚ್ ಕೊನೆಯವರೆಗೆ ಇರುತ್ತದೆ. ನಿನ್ನ ಗಂಡ ಒಬ್ಬನೇ ಬರುವುದು ಬೇಡ. ಅವನಿಗೆ ಇಲ್ಲಿನ ಗಾಳಿಯಲ್ಲಿ ನಿಲ್ಲಲು ಬರುವುದಿಲ್ಲ.

ನಿನ್ನ ತಂದೆ,
ಚಾಲಿಂಗ್ ಹೇರೆಸ್


ಲೇವಾರ್ಡನ್,
9 ಮಾರ್ಚ್ 1786

ಪ್ರೀತಿಯ ಅಪ್ಪನಿಗೆ,

ನಿಮ್ಮ ಪತ್ರವನ್ನು ವೀಬ್ರೆನ್‌ಗೆ ಓದಿ ಹೇಳಲು ಕುಳಿತೆ, ಅರ್ಧಕ್ಕೆ ನಿಲ್ಲಿಸಿದೆ. ಉಳಿದದ್ದನ್ನು ಅವರೇ ತೆಗೆದುಕೊಂಡು ಓದಿದರು. ಮುಗಿದ ಮೇಲೆ, "ನಾನು ಗಾಳೀಲಿ ನಿಲ್ತೀನಿ ಅಂತ ಬರಿ" ಎಂದರು. ಬರೆದಿದ್ದೇನೆ.

ಒಂದು ವಿಷಯದಲ್ಲಿ ನಿಮ್ಮ ಮಾತು ಮೀರಿದ್ದೇನೆ, ಕ್ಷಮಿಸಿ. ಅಚ್ಚಿನ ಪ್ರತಿಯಲ್ಲಿ ಹನ್ನೊಂದು ದಿನಕ್ಕೆ ಮೂವತ್ತಮೂರು ಗೆರೆ ಎಳೆದೆ. ಕೆಳಗೆ ನೀವು ಹೇಳಿದ್ದನ್ನೂ ಬರೆದೆ. ಆದರೆ ಅದಷ್ಟೇ ಆದರೆ ಅರ್ಧ ನೋಡಿ ಬರೆದಂತಾಗುತ್ತದೆ. ಹಾಗಾಗಿ ಈಗ ಅದು ಹೀಗಿದೆ: "ಕೊಳವೆಯನ್ನು ಕಾವಲುಗಾರನ ಮಗಳು ಹಿಸ್ಕೆ ಬಿಸಿನೀರು ಸುರಿದು ಒಡೆದಳು, ಹೇಳಲಿಲ್ಲ. ಕಾವಲುಗಾರ ಹೋಗಿ ನೋಡಲಿಲ್ಲ. ಆ ಮನೆಯಲ್ಲಿ ಆ ದಿನಗಳಲ್ಲಿ ಒಬ್ಬರು ಸಾಯುತ್ತಿದ್ದರು." ಕೊನೆಯ ಸಾಲು ಹವೆಗೆ ಸಂಬಂಧಿಸಿದ್ದಲ್ಲ ಎಂದು ಅಧ್ಯಕ್ಷರು ಹೊಡೆದುಹಾಕಲು ಹೊರಟರಂತೆ. "ಕಾರಣ ಬರೀದೆ ಇರೋ ಗೆರೆಗಿಂತ ಕಾರಣ ಇರೋ ಗೆರೆ ಮೇಲು ಸ್ವಾಮಿ" ಎಂದು ವೀಬ್ರೆನ್ ಬಿಡಿಸಿಕೊಂಡು ಬಂದರು.

ಕೊಳವೆ ಏನು ಹೇಳುತ್ತದೋ ಎಂದು ನನಗೆ ಹೆದರಿಕೆಯಿದೆ. ನಿಮಗೂ ಇದೆ ಎಂದು ಬಲ್ಲೆ. ಬಾನಿಯ ಒಂದು ಕಡೆ ನೀವು ನಿಲ್ಲಿ, ಇನ್ನೊಂದು ಕಡೆ ನಾನು ನಿಲ್ಲುತ್ತೇನೆ. ನಾನು ನೋಡಿದ್ದನ್ನು ನೀವೂ ನೋಡಿ, ನೀವು ನೋಡಿದ್ದನ್ನು ನಾನೂ ನೋಡಿ, ಆಮೇಲೆ ವೀಬ್ರೆನ್ ಬರೆದುಕೊಳ್ಳುತ್ತಾರೆ.

ಕಾಲುವೆಯ ಮಂಜುಗಡ್ಡೆ ಸೋಮವಾರ ಕರಗಿತು, ದೋಣಿ ಓಡುತ್ತಿದೆ. ಮುಂದಿನ ವಾರ ಗುರುವಾರ, ಮಾರ್ಚ್ ಹದಿನಾರು, ಇಲ್ಲಿಂದ ಬೆಳಿಗ್ಗೆ ಒಂಬತ್ತಕ್ಕೆ ಹೊರಡುವ ಹಾರ್ಲಿಂಗನ್ ಊರಿನ ಕಡೆಯ ದೋಣಿಯಲ್ಲಿ ಬರುತ್ತೇವೆ. ಉಷ್ಣಮಾಪಕವನ್ನು ಸಾಮಾನಿನ ಜೊತೆ ಇಡುವುದಿಲ್ಲ, ತೊಡೆಯ ಮೇಲೆ ಹಿಡಿದುಕೊಂಡಿರುತ್ತೇನೆ.

ನಿಮ್ಮ ಮಗಳು,
ಹಿಸ್ಕೆ